ಎರಡು ಎಲೆಯ ಹೊತ್ತು

ನಮ್ಮ ಸೋದರಮಾವನ ಕೈಯಲ್ಲಿ ತಳ್ಳಿಸಿಕೊಳ್ಳದೆ ನಮ್ಮ ಮನೆಯಿಂದ ಎದ್ದುಹೋದವರು ಇಡೀ ಹೊಸಹಳ್ಳಿಯಲ್ಲಿ ಇರಲಿಕ್ಕಿಲ್ಲ! ಬಂದವರನ್ನು ಬಾಯ್ತುಂಬ ಮಾತಾಡಿಸಿ ಸ್ಟೂಲಿನ ಮೇಲೆ ಕೂರಿಸುತ್ತಿದ್ದ. ಆಮೇಲೆ ಮೆಲ್ಲಗೆ ಹಿಂದಿನಿಂದ ಬಂದು ಭುಜಕ್ಕೊಂದು ತಳ್ಳು. ಅವರು ಕೈ ಊರಿದರೋ, ಕಾಲೆತ್ತಿದರೋ, ಬೈದರೋ ಎಂದು ನೋಡುವುದು. ಮೈಯ ಸಮತೋಲ ಅಳೆಯುವ ಇದಕ್ಕೆ ಅವನು 'ಆಯ ನೋಡುವುದು' ಎನ್ನುತ್ತಿದ್ದ.

ಈ ಚಟ ಹತ್ತಿದ್ದು ನನ್ನಿಂದಲೇ. ಎಪ್ಪತ್ತರ ದಶಕದ ಕೊನೆಯ ಮಾತು. ಹುಟ್ಟುವಾಗ ಮೆದುಳಿಗೆ ಪೆಟ್ಟಾಗಿ ನನಗೆ ಸೆರೆಬ್ರಲ್ ಪಾಲ್ಸಿ. ಏಳು ವರ್ಷವಾದರೂ ಗೋಡೆಗೆ ಒರಗದೆ ಕೂತರೆ ಪಕ್ಕಕ್ಕೆ ವಾಲುತ್ತಿದ್ದೆ. ಶಾಲೆಯ ಹೆಡ್‌ಮಾಸ್ತರರು ಒಳ್ಳೆಯವರೇ, ಆದರೆ ಅಂಜುಬುರುಕರು. ಹಾಜರಿ ಮುಗಿಯುವ ತನಕ ಬೆಂಚಿನ ಮೇಲೆ ಬೀಳದೆ ಕೂತರೆ ಮಾತ್ರ ಹೆಸರು ಬರೆದುಕೊಳ್ಳುತ್ತೇನೆ ಎಂದಿದ್ದರು.

ಮಾವ ನನ್ನನ್ನು ಹೆಗಲ ಮೇಲೆ ಹೊತ್ತು ಬಳ್ಳಾರಿಗೆ ಬಸ್ಸು ಹತ್ತಿದ. ಅಲ್ಲಿ ಡಾಕ್ಟರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಪಾದ ನೆಲಕ್ಕೆ ಊರಿಸಿ, ಕೈಗಡಿಯಾರ ನೋಡುತ್ತಾ ಎಷ್ಟು ಹೊತ್ತು ಕೂರುತ್ತೇನೆಂದು ಎಣಿಸಿದರು. ಭುಜವನ್ನು ಮೆತ್ತಗೆ ತಳ್ಳಿದರು. ಗೊಂಬೆಯೊಂದನ್ನು ಮುಂದೆ ಹಿಡಿದು, ಬಾಗಿ ತೆಗೆದುಕೋ ಎಂದರು. ಮನೆಯಲ್ಲೂ ದಿನಾ ಹೀಗೇ ಮಾಡಿ, ಎಷ್ಟು ಹೊತ್ತು ಕೂತಳೆಂದು ನೆನಪಿಡಿ ಎಂದರು. ಮಾವ ಎಲ್ಲಕ್ಕೂ ಗೋಣು ಹಾಕಿದ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಹೊಳೆಯಿತು, ನಮ್ಮ ಮನೆತನದಲ್ಲೇ ಯಾರ ಹತ್ತಿರವೂ ಗಡಿಯಾರವಿಲ್ಲ!

ಗಡಿಯಾರ ಇಲ್ಲದಿದ್ದರೇನು, ಎಲೆ ಅಡಿಕೆಯ ಚೀಲ ಇತ್ತಲ್ಲ? ಎಲೆ ಒರೆಸಿ, ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಸಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತಿಗೆ 'ಒಂದು ಎಲೆ'. ಶಾಲೆಯ ಹೊರಗೆ ನಿಂತು ಅಳೆದುಕೊಂಡೂ ಬಂದ. ಹಾಜರಿಗೆ ಸರಿಯಾಗಿ ಎರಡು ಎಲೆ ಹಿಡಿಯುತ್ತಿತ್ತು. ನನ್ನದು ಆಗ ಅರ್ಧ ಎಲೆ.

ದಿನಾ ಬೆಳಿಗ್ಗೆ ಅವ್ವ ಒಲೆಯ ಮುಂದಿರುವಾಗ ಪಡಸಾಲೆಯಲ್ಲಿ ನಮ್ಮ ಪರೀಕ್ಷೆ. ಸ್ಟೂಲಿನ ಸುತ್ತ ಕಂಬಳಿ ಮಡಿಸಿ ಹಾಸಿ, ನನ್ನ ಬೆನ್ನ ಹಿಂದೆ ಕೂತು ಮಾವ ಎಲೆ ಮಡಿಸುತ್ತಿದ್ದ, ಅದೂ ಬಲಗೈ ಒಂದರಲ್ಲೇ! ಪಂಚೆಯ ತುಂಬ ಸುಣ್ಣದ ಕಲೆ. ಒಗೆದು ಸಾಕಾದ ಅವ್ವ ಬೈದರೆ, ಒಂದೇ ಕೈಯಲ್ಲಿ ಮಡಿಸಿದ ಎಲೆಗೆ ರುಚಿ ಜಾಸ್ತಿ ಎನ್ನುತ್ತಿದ್ದ. ನನಗಂತೂ ಕಂಬಳಿಯ ಮೇಲೆ ಪೂರ್ತಿ ಭರವಸೆ. ವಾಲಿದ್ದು ನೂರು ಸಲ. ವಿಚಿತ್ರವೆಂದರೆ ಕಂಬಳಿಯ ತನಕ ಒಮ್ಮೆಯೂ ಹೋಗಲಿಲ್ಲ.

ಇದರ ನಡುವೆ ಚಿಕ್ಕಮ್ಮನನ್ನು ನೋಡಲು ಹಡಗಲಿ ಕಡೆಯಿಂದ ಗಂಡಿನವರು ಬಂದರು. ಹುಡುಗನಿಗೆ ಸಿಕ್ಕಿದ್ದು ಅದೇ ಸ್ಟೂಲು. ಕೈಯಲ್ಲಿ ಬಿಸಿ ಚಹಾ. ಅವ್ವ ಕಣ್ಸನ್ನೆ ಮಾಡುವಷ್ಟರಲ್ಲಿ ಮಾವ ತಳ್ಳಿಯೇಬಿಟ್ಟ! ಚಹಾ ಅಂಗಿಯ ಮೇಲೆ, ಬೀಗರ ಮುಖ ಕೆಂಪು.

"ಕಪ್ಪು ಬಿಡ್ಲಿಲ್ಲ, ಕೈ ಊರ್ಲಿಲ್ಲ. ಹುಡುಗ ಗಟ್ಟಿ ಅದಾನ, ಕೊಡ್ರಿ," ಎಂದು ಮಾವನ ತೀರ್ಪು. ಮದುವೆಯೂ ಆಯಿತೆನ್ನಿ! ಚಿಕ್ಕಪ್ಪ ಇಂದಿಗೂ ನಮ್ಮ ಮನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತಾರೆ.

ನಾನು ಒಂದು ಎಲೆಗೆ ಬಂದೆ, ಒಂದೂವರೆಗೆ ಬಂದೆ, ಜ್ವರ ಬಂದು ಮತ್ತೆ ಅರ್ಧಕ್ಕಿಳಿದೆ. ನನ್ನ ಕೈಲಾಗುವುದಿಲ್ಲ ಎಂದು ಅತ್ತುಬಿಟ್ಟೆ.

"ಎಲಿ ನಂದು, ಹೊತ್ತು ನಂದು. ನೀ ಸುಮ್ಮ ಕುಂದ್ರಲೇ," ಎಂದ ಮಾವ.

ಮುಂದಿನ ಜೂನ್ ತಿಂಗಳಲ್ಲಿ ಹೆಡ್‌ಮಾಸ್ತರರು ನನ್ನನ್ನು ಬೆಂಚಿನ ನಡುವೆ ಕೂರಿಸಿ ಹಾಜರಿ ಪುಸ್ತಕ ತೆರೆದರು. ಮಾವನನ್ನು ಹೊರಗೆ ಕಳಿಸಿದ್ದರು. ಸುತ್ತ ಕಂಬಳಿ ಇರಲಿಲ್ಲ. ಹತ್ತನೆಯ ಹೆಸರಿಗೆ ಸೊಂಟ ನಡುಗಿತು, ಇಪ್ಪತ್ತಕ್ಕೆ ಬಲಕ್ಕೆ ವಾಲಿದೆ, ಹೇಗೋ ನಾನೇ ಸರಿಯಾದೆ. ಕೊನೆಯ ಹುಡುಗ "ಹಾಜರ್ ಸಾರ್" ಎಂದ. ಹೆಡ್‌ಮಾಸ್ತರರು ಕನ್ನಡಕ ಸರಿಮಾಡಿಕೊಂಡು, ಅವನ ಕೆಳಗೆ ನನ್ನ ಹೆಸರು ಬರೆದರು.

ಮಾವನಿಗೆ ಹೇಳೋಣವೆಂದು ಕಿಟಕಿಯತ್ತ ನೋಡಿದೆ. ಅವನ ಬಲಗೈಯಲ್ಲಿ ಸುಣ್ಣ ಸವರಿದ ಎಲೆ ಹಾಗೆಯೇ ಇತ್ತು, ಮಡಿಸಲು ಮರೆತಿದ್ದ. ಎಡಗೈ ಮುಂದಕ್ಕೆ ಚಾಚಿತ್ತು, ಬೆರಳು ಅಗಲಿಸಿ, ನನ್ನ ಬೆನ್ನಿನ ಎತ್ತರಕ್ಕೆ. ಆ ಕೈಯ ಮುಂದೆ ಯಾರ ಬೆನ್ನೂ ಇರಲಿಲ್ಲ.

ವರ್ಷವಿಡೀ ಆ ಕೈ ನನ್ನ ಹಿಂದೆ, ಗೇಣು ದೂರದಲ್ಲಿ, ನಾನು ವಾಲುವ ತನಕ ಮುಟ್ಟದೆ ಕಾದಿತ್ತೆಂದು ನನಗೆ ಗೊತ್ತಾದದ್ದು ಆಗಲೇ.

"ಮಾವಾ, ಕೈ ಇಳಸು," ಎಂದೆ. "ನಾ ಕುಂತೀನಿ."