ಸೊಲ್ಲಾಪುರದಲ್ಲಿ ನಿಂತ ವಿಮಾನ

ನಮ್ಮ ಸೋದರತ್ತೆ ವಿಮಾನ ಹಾರಿಸುತ್ತಾರೆ. ವಯಸ್ಸು ಅರವತ್ತೆಂಟು. ಲೈಸೆನ್ಸ್ ಇಲ್ಲ. ಸ್ಕೂಟಿ ಓಡಿಸಲೂ ಬರುವುದಿಲ್ಲ. ಆದರೂ ಈ ನಾಲ್ಕು ವರ್ಷಗಳಲ್ಲಿ ದೆಹಲಿಯಿಂದ ಮೈಸೂರಿಗೆ ಹತ್ತಾರು ಸಲ ಹಾರಿದ್ದಾರೆ, ಅದೂ ಪ್ರತಿ ಸಲ ಎರಡು ವಾರ ತೆಗೆದುಕೊಂಡು! ಗಾಬರಿಯಾಗಬೇಡಿ. ಇದೆಲ್ಲ ನಡೆದದ್ದು ದೆಹಲಿಯ ಜನಕಪುರಿಯ ಅವರ ಮನೆಯ ಮುಂದಿನ ಕೋಣೆಯಲ್ಲಿ, ಬೆತ್ತದ ಕುರ್ಚಿಯ ಮೇಲೆ, ಕಂಪ್ಯೂಟರಿನ ಮುಂದೆ.

ಆ ಕಂಪ್ಯೂಟರು ನಾನು ಕೊಟ್ಟದ್ದು. ಕೊಟ್ಟದ್ದೇನು ಬಂತು, ಮನೆಯಲ್ಲಿ ಜಾಗವಿಲ್ಲದೆ ಸಾಗಹಾಕಿದ್ದು. ಅದರೊಳಗೆ ವಿಮಾನ ಹಾರಿಸುವ ಹಳೇ ಸಿಮ್ಯುಲೇಟರ್ ಒಂದು ಉಳಿದುಬಿಟ್ಟಿತ್ತು. ಪರದೆಯ ಮೇಲೆ ಪೈಲಟ್ಟನ ಮುಂದಿನ ಮೀಟರುಗಳ ಮುಳ್ಳುಗಳು, ಕಿಟಕಿಯಾಚೆ ಆಕಾಶ, ಕೆಳಗೆ ಭೂಮಿ. ಜೊತೆಗೆ ಒಂದು ಸವೆದ ಜಾಯ್‌ಸ್ಟಿಕ್. ಅತ್ತೆ ಅದನ್ನು ಏನೆಂದುಕೊಂಡು ಮುಟ್ಟಿದರೋ, ಮೊದಲ ದಿನವೇ ವಿಮಾನ ಮೇಲೆದ್ದಿತು. "ಏನೋ ಇದು, ಇಷ್ಟು ಸುಲಭ! ಇದಕ್ಕಾ ಅವರಿಗೆ ಅಷ್ಟೊಂದು ಸಂಬಳ?" ಎಂದು ನನಗೆ ಫೋನ್ ಮಾಡಿದರು.

ಅತ್ತೆ ಮದುವೆಯಾಗಲಿಲ್ಲ. ಇಪ್ಪತ್ನಾಲ್ಕಕ್ಕೆ ದೆಹಲಿಗೆ ಬಂದು, ಒಂದು ಸಚಿವಾಲಯದಲ್ಲಿ ಸ್ಟೆನೋಗ್ರಾಫರ್ ಆಗಿ ಸೇರಿ, ಅಲ್ಲೇ ನಿವೃತ್ತರಾದರು. ಅಷ್ಟು ವರ್ಷವೂ ಊರಿಗೆ ಹೋದದ್ದು ರೈಲಿನಲ್ಲೇ, ಎರಡು ರಾತ್ರಿ ಕೂತು. ಹಾಗಾಗಿ ವಿಮಾನ ಕೈಗೆ ಸಿಕ್ಕಾಗ ಅವರಿಗೆ ಗೊತ್ತಿದ್ದ ದಾರಿ ಒಂದೇ: ರೈಲಿನ ದಾರಿ! ಆ ಹಳೇ ಸಿಮ್ಯುಲೇಟರಿನಲ್ಲಿ ರೈಲು ಹಳಿಗಳು ಕಪ್ಪು ಗೆರೆಗಳಂತೆ ಕಾಣುತ್ತಿದ್ದವು. ಅತ್ತೆ ಹಳಿ ಹಿಡಿದು ಹಾರತೊಡಗಿದರು. ಮಥುರಾ, ಆಗ್ರಾ, ಗ್ವಾಲಿಯರ್, ಝಾನ್ಸಿ, ಭೋಪಾಲ್. ಹಳಿ ತಿರುಗಿದರೆ ವಿಮಾನವೂ ತಿರುಗಬೇಕು. ಅಂದುಕೊಂಡ ಊರು ಮುಟ್ಟಿದರೆ ಅವತ್ತಿಗೆ ಮುಗಿಯಿತು, ವಿಮಾನ ಅಲ್ಲೇ ನಿಲ್ಲಬೇಕು. ವಿಮಾನ ನಿಲ್ದಾಣವಿಲ್ಲದ ಊರಾದರೆ ಹಳಿಯ ಪಕ್ಕದ ಹೊಲದಲ್ಲಿ ಇಳಿಸುತ್ತಿದ್ದರು.

"ಅತ್ತೆ, ಹೊಲದಲ್ಲಿ ಇಳಿಸಬಾರದು."

"ಯಾರಿದ್ದಾರೆ ಅಲ್ಲಿ ಬೇಡ ಅನ್ನೋಕೆ?"

ನಿಂತ ಊರಿನ ತಿಂಡಿ ತಿನ್ನುವುದು ಇನ್ನೊಂದು ನಿಯಮ. ಆಗ್ರಾ ಬಂದರೆ ಬೂದುಗುಂಬಳದ ಪೇಠಾ. ಭುಸಾವಳ ಬಂದರೆ ಬಾಳೆಹಣ್ಣು. ಹಣ್ಣಿನ ಗಾಡಿಯವನನ್ನು ಗೇಟಿನ ಬಳಿ ನಿಲ್ಲಿಸಿ, "ಭಯ್ಯಾ, ಆಜ್ ಭುಸಾವಳ್ ಪಹುಂಚೇ ಹೈಂ, ಆಧಾ ದರ್ಜನ್ ದೇನಾ" ಎನ್ನುತ್ತಿದ್ದರು. ಅವನು ಏನೂ ಕೇಳದೆ ತೂಗಾಡುವ ಗೊನೆಯಿಂದ ಆರು ಹಣ್ಣು ಕಿತ್ತು ಕೊಡುತ್ತಿದ್ದ. ಮೇಲಿನ ಮನೆಯ ಪಂಜಾಬಿ ಆಂಟಿಯಂತೂ ಮೆಟ್ಟಿಲಿಳಿಯುವಾಗ ಕಿಟಕಿಯಲ್ಲಿ ಇಣುಕಿ, ಎಲ್ಲಿಗೆ ಮುಟ್ಟಿದಿರಿ ಎಂದು ಕೇಳುತ್ತಿದ್ದರು: "ದೀದಿ, ಕಹಾಂ ಪಹುಂಚೀ?" ಒಂದು ಸಲ ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಕರೆದರೆ, "ಭಾನುವಾರ ಆಗಲ್ಲ ಕಣೋ, ನಾನೀಗ ಇಟಾರ್ಸಿಯಲ್ಲಿದೀನಿ" ಎಂದುಬಿಟ್ಟರು. ಜನಕಪುರಿಯಿಂದ ನಮ್ಮ ಇಂದಿರಾಪುರಂಗೆ ಮೆಟ್ರೋದಲ್ಲಿ ಒಂದೂವರೆ ಗಂಟೆ! ಇಟಾರ್ಸಿಯಿಂದ ಹೇಗೆ ಬಂದಾರು, ಪಾಪ?

ನನಗೆ ಅತ್ಯಂತ ಪ್ರಿಯವಾದದ್ದು ಅವರ ಕಂಟ್ರೋಲ್ ಟವರಿನ ವ್ಯವಹಾರ. ಸಿಮ್ಯುಲೇಟರಿನಲ್ಲಿ ಟವರಿನಿಂದ ಒಬ್ಬ ಇಂಗ್ಲಿಷಿನಲ್ಲಿ ಪಟಪಟನೆ ಆದೇಶ ಕೊಡುತ್ತಾನೆ: ಇಷ್ಟು ಎತ್ತರಕ್ಕೆ ಬನ್ನಿ, ಇಷ್ಟು ಡಿಗ್ರಿ ತಿರುಗಿ. ಅತ್ತೆ ಮಡಿಲಲ್ಲಿ ಪ್ಯಾಡ್ ಇಟ್ಟುಕೊಂಡು ಅಷ್ಟನ್ನೂ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ಒಂದು ಅಕ್ಷರ ತಪ್ಪುತ್ತಿರಲಿಲ್ಲ. ಬರೆದುಕೊಂಡು, "ಯೆಸ್ ಸರ್" ಎಂದು, ತಮ್ಮ ಪಾಡಿಗೆ ಹಳಿಯ ಮೇಲೆ ಹೋಗುತ್ತಿದ್ದರು.

"ಅವನು ಎಡಕ್ಕೆ ತಿರುಗಿ ಅಂದನಲ್ಲ ಅತ್ತೆ?"

"ನೋಟ್ ಮಾಡ್ಕೊಂಡಿದೀನಲ್ಲ!"

ಕೇಂದ್ರ ಸರ್ಕಾರದಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿದವರಿಗೆ ನಾನೇನು ಹೇಳಲಿ?

ಇಷ್ಟು ಹೇಳಿ ನಗಿಸಿದೆನಲ್ಲ, ಇದನ್ನೇ ನಾನು ಯುಗಾದಿಯ ದಿನ ಇಲ್ಲಿನ ಕನ್ನಡದವರೆಲ್ಲ ಸೇರಿದ್ದ ಊಟದಲ್ಲೂ ಹೇಳಿದ್ದೆ. ಹೇಳಿದ್ದಷ್ಟೇ ಅಲ್ಲ, ಅತ್ತೆಯಂತೆ ಕನ್ನಡಕ ಮೂಗಿನ ತುದಿಗೆ ಇಳಿಸಿ, ಜಾಯ್‌ಸ್ಟಿಕ್ ಬದಲು ಸಾರಿನ ಸೌಟು ಹಿಡಿದು, ಅಭಿನಯಿಸಿ ತೋರಿಸಿದ್ದೆ. ಅತ್ತೆ ಅದೇ ಪಂಕ್ತಿಯಲ್ಲಿ ಕೂತಿದ್ದರು. ಎಲ್ಲರ ಜೊತೆ ತಾವೂ ನಕ್ಕರು. ಕೈ ಮಾತ್ರ ಎಲೆಯ ಮೇಲೆ ನಿಂತುಬಿಟ್ಟಿತ್ತು. ಆಗಲೇ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಇನ್ನಷ್ಟು ಜನ ನಗುತ್ತಾರೇನೋ ಎಂದು ಇನ್ನೊಂದು ಸಲ ಹೊಲದಲ್ಲಿ ಇಳಿಸಿದೆ.

ಆ ಊಟದಲ್ಲಿ ಒಬ್ಬರು ನನ್ನನ್ನೇ ಕೇಳಿದರು, "ನಿಮ್ಮ ಹತ್ರಾನೂ ಸಿಮ್ಯುಲೇಟರ್ ಇದೆಯಂತಲ್ಲ, ನೀವು ಎಲ್ಲೆಲ್ಲಿಗೆ ಹೋಗಿದ್ದೀರಿ?"

ಇಲ್ಲಿ ನನ್ನ ಬಗ್ಗೆ ಹೇಳಲೇಬೇಕು. ನಾನು ನೋಯ್ಡಾದ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸದವನು. ಇಂದಿರಾಪುರಂನ ಹದಿನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ, ಬಾಲ್ಕನಿಗೆ ಗಾಜು ಹಾಕಿಸಿ, ಮೂರು ಪರದೆ, ವಿಮಾನದ ಚುಕ್ಕಾಣಿ, ಕಾಲಿಗೆ ಪೆಡಲು, ಎಲ್ಲ ಕೂಡಿಸಿದವನು. ಮೋಡ ಸರಿಯಾಗಿ ಕಾಣಲೆಂದು ಒಂದು ಸಾಫ್ಟ್‌ವೇರು, ಮೋಡದ ನೆರಳು ಸರಿಯಾಗಿ ಬೀಳಲೆಂದು ಮತ್ತೊಂದು, ಇವೆರಡೂ ಜಗಳವಾಡದಿರಲೆಂದು ಮೂರನೆಯದು. ಮೂರನೆಯದು ಬಂದ ಮೇಲೆ ರನ್‌ವೇ ಮಾಯವಾಯಿತು. ಅದನ್ನು ಹುಡುಕುವುದರಲ್ಲಿ ಒಂದು ಚಳಿಗಾಲ ಕಳೆಯಿತು. ನನ್ನ ಹೆಂಡತಿ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಹಕ್ಕನ್ನು ಬಿಟ್ಟುಕೊಟ್ಟವಳು. "ಇವತ್ತಾದರೂ ನೆಲ ಬಿಟ್ಟಿತಾ?" ಎಂದು ಕೇಳುತ್ತಾಳೆ. ಮಗಳು ಇನ್ನೂ ನೇರ, ಹಾರಿಸುವುದು ಯಾವಾಗ ಎಂದೇ ಕೇಳುತ್ತಾಳೆ: "ಪಪ್ಪಾ, ಆಪ್ ಫ್ಲೈ ಕಬ್ ಕರತೇ ಹೋ? ಯು ಓನ್ಲೀ ಡು ಸೆಟ್ಟಿಂಗ್ಸ್!"

ಯುಗಾದಿಯ ದಿನ ಕೇಳಿದವರಿಗೆ ನಾನು ಕೊಟ್ಟ ಉತ್ತರವೂ ಅದೇ. "ನಂದು ಇನ್ನೂ ಸೆಟ್ಟಿಂಗ್ ನಡೀತಿದೆ." ಅವರು ನಯವಾಗಿ ಪಾಯಸದ ಕಡೆ ತಿರುಗಿದರು.

ಆ ಪಾಯಸವೇ ನನ್ನನ್ನು ಕೆಡಿಸಿತೋ ಏನೋ. ಅತ್ತೆಯನ್ನು ನನ್ನ ದಾರಿಗೆ ತರಬೇಕೆಂದು ನಿಶ್ಚಯಿಸಿದೆ.

ಅದೇ ಬೇಸಿಗೆಯಲ್ಲಿ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಹತ್ತು ದಿನ ನಮ್ಮ ಮನೆಯಲ್ಲಿ ಉಳಿದರು. ಜನಕಪುರಿಯಿಂದ ಹೊರಡುವ ಮುಂಚೆ ಕಂಪ್ಯೂಟರ್ ಆರಿಸುತ್ತ ನನಗೆ ಹೇಳಿದ್ದು ಒಂದೇ ಮಾತು: "ವಿಮಾನ ಸೊಲ್ಲಾಪುರದಲ್ಲಿದೆ. ಯಾರೂ ಮುಟ್ಟದ ಹಾಗೆ ನೋಡ್ಕೋ." ನಾನು ತಲೆಯಾಡಿಸಿದೆ. ಮೂರನೇ ದಿನ ಅವರ ಮನೆಯ ಬೀಗದ ಕೈ ಜೇಬಿಗೆ ಹಾಕಿಕೊಂಡು ಜನಕಪುರಿಗೆ ಹೋದೆ. ಹಳೇ ಯಂತ್ರವನ್ನು ಬಿಚ್ಚಿ, ಹೊಸ ಭಾಗಗಳನ್ನು ಕೂರಿಸಿ, ಡಿಸ್ಕನ್ನು ಪೂರ್ತಿ ಅಳಿಸಿ, ಹೊಸ ಸಿಮ್ಯುಲೇಟರ್ ಹಾಕಿದೆ. ಅಳಿಸುವ ಮುನ್ನ ಕಂಪ್ಯೂಟರು ಕೇಳಿತು, ಖಂಡಿತವಾಗಿಯೂ ಅಳಿಸಬೇಕೇ ಎಂದು. ಒಂದಲ್ಲ, ಎರಡು ಸಲ ಕೇಳಿತು. ಯಂತ್ರಕ್ಕೇ ಅಷ್ಟು ಸಂಕೋಚವಿತ್ತು. ನನಗಿರಲಿಲ್ಲ.

ಅತ್ತೆ ಕಪ್ಪು ಕನ್ನಡಕ ತೆಗೆದು ಹೊಸ ಪರದೆಯ ಮುಂದೆ ಕೂತ ದಿನ ನಾನು ಪಕ್ಕದಲ್ಲಿ ಮದುಮಗನಂತೆ ನಿಂತಿದ್ದೆ. ಉಪಗ್ರಹದಿಂದ ತೆಗೆದ ನಿಜವಾದ ಭೂಮಿ! ನಿಜವಾದ ಮೋಡ! ಅವತ್ತಿನ ದೆಹಲಿಯ ಹೊಗೆಯೂ ಯಥಾವತ್ತಾಗಿ ಬಂದಿತ್ತು.

"ಚೆನ್ನಾಗಿದೆ ಕಣೋ" ಎಂದರು. ಸ್ವಲ್ಪ ಹೊತ್ತು ನೋಡಿ, "ಹಳಿ ಎಲ್ಲಿ?" ಎಂದರು.

ಹಳಿ ಇತ್ತು. ಮರಗಳ, ಮನೆಗಳ ನಡುವೆ ಎಲ್ಲೋ ಕೂದಲೆಳೆಯಂತೆ ಇತ್ತು. ನನ್ನ ಕಣ್ಣಿಗೇ ಕಾಣಲಿಲ್ಲ.

"ಸೊಲ್ಲಾಪುರದಲ್ಲಿ ನಿಲ್ಲಿಸಿದ್ದೆನಲ್ಲ, ಅದು?"

ಆಗ ನಾನು ಹೇಳಿದೆ: "ಆ ಡಿಸ್ಕ್ ಮೊದಲೇ ಕೆಟ್ಟಿತ್ತು ಅತ್ತೆ, ನಾನು ಹೋಗಿ ನೋಡೋ ಹೊತ್ತಿಗೆ ಸತ್ತೇ ಹೋಗಿತ್ತು, ಅದಕ್ಕೇ ಹೊಸದು ಹಾಕಬೇಕಾಯ್ತು."

ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ. ಸಾಕಿದವರಿಗೆ ಸುಳ್ಳು ಹೇಳಿದೆನಲ್ಲ! ಅಪ್ಪ ಅಮ್ಮ ಇಬ್ಬರೂ ಆಫೀಸಿಗೆ ಹೋಗುತ್ತಿದ್ದ ದಿನಗಳಲ್ಲಿ, ಶಾಲೆಯಿಂದ ಬಂದ ನನಗೆ ಅನ್ನ ಕಲಸಿ ಕೊಡಲೆಂದೇ ಸಂಜೆಯ ಓವರ್‌ಟೈಮ್ ಬಿಟ್ಟು ಬರುತ್ತಿದ್ದವರು ಇವರು. ಅತ್ತೆ ನನ್ನ ಮುಖವನ್ನೊಮ್ಮೆ ನೋಡಿ, "ಹೋಗಲಿ ಬಿಡು" ಎಂದರು.

ಆಮೇಲೆ ಶುರುವಾದದ್ದು ನನ್ನ ಭಾನುವಾರಗಳು. ಹೊಸ ವಿಮಾನ ಚಾಲೂ ಮಾಡಲು ನಲವತ್ತು ಸ್ವಿಚ್ಚು. ಅತ್ತೆ ಅಷ್ಟನ್ನೂ ಪ್ಯಾಡಿನಲ್ಲಿ ಬರೆದುಕೊಂಡರು. ಮುಂದಿನ ವಾರ ಅಪ್‌ಡೇಟ್ ಬಂದು ಸ್ವಿಚ್ಚುಗಳು ಜಾಗ ಬದಲಿಸಿದವು. ಮತ್ತೆ ಬರೆದುಕೊಂಡರು. ಒಂದು ವಾರ ಶಬ್ದವಿಲ್ಲ. ಇನ್ನೊಂದು ವಾರ ಶಬ್ದವಿದೆ, ವಿಮಾನವಿಲ್ಲ. ಪರದೆ ನಡುಗಿತೆಂದು ನಾನು ಮೋಡ ಕಡಿಮೆ ಮಾಡಿದೆ, ಮರ ಕಡಿಮೆ ಮಾಡಿದೆ, ಕೊನೆಗೆ ನೀರು ತೆಗೆದೆ. ಯಮುನೆ ಒಣಗಿಹೋಯಿತು. ಅತ್ತೆ ಪಕ್ಕದ ಬೆತ್ತದ ಸ್ಟೂಲಿನ ಮೇಲೆ ಕೂತು, ನಾನು ಕೇಳಿದಾಗ ಚಹಾ, ಕೇಳದಿದ್ದಾಗ ಕೋಡುಬಳೆ ಕೊಡುತ್ತ ಐದು ತಿಂಗಳು ಕಳೆದರು. ಒಂದು ದಿನವೂ ಹಾರಲಿಲ್ಲ.

ದೀಪಾವಳಿಯ ಹಿಂದಿನ ಭಾನುವಾರ. ನಾನು ಮೇಜಿನ ಕೆಳಗೆ ತೂರಿ ವಯರುಗಳ ನಡುವೆ ಮಲಗಿದ್ದೆ. ಮೇಲಿನ ಮನೆಯ ಆಂಟಿ ಕಿಟಕಿಯಲ್ಲಿ ಇಣುಕಿದ್ದು ಧ್ವನಿಯಿಂದ ಗೊತ್ತಾಯಿತು.

"ದೀದಿ, ಬಹುತ್ ದಿನ್ ಹೋ ಗಯೇ. ಕಹಾಂ ಪಹುಂಚೀ?"

ಅತ್ತೆಯ ಉತ್ತರ ಮೇಜಿನ ಕೆಳಗಿದ್ದ ನನಗೆ ಚೆನ್ನಾಗಿ ಕೇಳಿಸಿತು. "ಕಹೀಂ ನಹೀಂ ಜೀ. ಅಭೀ ಸೆಟ್ಟಿಂಗ್ ಚಲ್ ರಹೀ ಹೈ."

ಎಲ್ಲಿಗೂ ಇಲ್ಲ, ಇನ್ನೂ ಸೆಟ್ಟಿಂಗ್ ನಡೀತಿದೆ! ಅದು ನನ್ನ ವಾಕ್ಯ! ನನ್ನದೇ ರೋಗ! ಪರದೆಯ ಮುಂದೆ ಸುಖವಾಗಿದ್ದವರಿಗೆ ನಾನೇ ಹೋಗಿ ಅಂಟಿಸಿ ಬಂದಿದ್ದೆ. ಮೇಜಿನ ಕೆಳಗಿಂದ ತಕ್ಷಣ ಹೊರಬರಲು ನನಗೆ ಮುಖವಿರಲಿಲ್ಲ. ಸಿಗದ ಸ್ಕ್ರೂ ಒಂದನ್ನು ಹುಡುಕುವವನಂತೆ ಹತ್ತು ನಿಮಿಷ ಅಲ್ಲೇ ಇದ್ದೆ.

ಮರುದಿನ ಆಫೀಸಿಗೆ ರಜೆ ಹಾಕಿ ನೆಹರೂ ಪ್ಲೇಸಿನಲ್ಲಿ ಕಂಪ್ಯೂಟರ್ ಅಂಗಡಿಯಿಂದ ಅಂಗಡಿಗೆ ಅಲೆದು, ಹಳೇ ಕಂಪ್ಯೂಟರೊಂದನ್ನು ಹುಡುಕಿ ತಂದೆ. ಅಂಗಡಿಯವನು, "ಸರ್, ಇಸ್ ಮೇಂ ಕುಛ್ ನಹೀಂ ಚಲೇಗಾ" ಎಂದು, ಅದರಲ್ಲಿ ಈಗಿನ ಯಾವುದೂ ಓಡದೆಂದು ಎಚ್ಚರಿಸಿದ. ಹಳೇ ಸಿಮ್ಯುಲೇಟರಿನ ಸಿಡಿ ನಮ್ಮ ಮನೆಯ ಅಟ್ಟದಲ್ಲಿ, ಮಗಳ ಒಡೆದ ಆಟಿಕೆಗಳ ಡಬ್ಬದಲ್ಲಿ ಸಿಕ್ಕಿತು. ಹಾಕಿದೆ. ಒಂದೇ ಒಂದು ಸೆಟ್ಟಿಂಗ್ ಮುಟ್ಟಲಿಲ್ಲ. ನನ್ನ ಜೀವನದಲ್ಲಿ ಅದಕ್ಕಿಂತ ಕಷ್ಟದ ಕೆಲಸ ಮಾಡಿಲ್ಲ ಎಂದರೆ ನಂಬಿ. ವಿಮಾನವನ್ನು ಸೊಲ್ಲಾಪುರದ ರನ್‌ವೇಯ ಮೇಲೆ ನಾನೇ ತಂದಿಟ್ಟೆ.

ಜನಕಪುರಿಗೆ ಒಯ್ದು ಜೋಡಿಸಿದೆ. ಪರದೆಯ ಮೇಲೆ ಹಸಿರು ಬಯಲು, ಅದರ ನಡುವೆ ದಪ್ಪನೆಯ ಕಪ್ಪು ಹಳಿ. ಅತ್ತೆ ಕುರ್ಚಿ ಎಳೆದುಕೊಂಡರು.

"ಅತ್ತೆ, ಆ ಹಳೇ ಡಿಸ್ಕಿನಿಂದ ಫೈಲು ಹೆಂಗೋ ವಾಪಸ್ ಸಿಕ್ತು, ಗೊತ್ತಿರೋರೊಬ್ಬರು..." ಎಂದು ಮತ್ತೆ ಶುರುಮಾಡಿದೆ. ಅಷ್ಟು ನಾಚಿಕೆಯಾದ ಮೇಲೂ ಬಾಯಿಗೆ ಮೊದಲು ಬಂದದ್ದು ಸುಳ್ಳೇ!

ಅತ್ತೆ ಕೈಯೆತ್ತಿದರು. "ನಿಧಾನ. ಮೂವತ್ತಾರು ವರ್ಷ ಸಾಹೇಬರುಗಳ ಡಿಕ್ಟೇಷನ್ ತಗೊಂಡಿದೀನಿ. ನಿಜ ಹೇಳೋವಾಗ ತಡವರಿಸ್ತಾರೆ. ಸುಳ್ಳು ಹೇಳೋವಾಗ ಮಾತ್ರ ಪೆನ್ಸಿಲ್ಲಿಗೆ ಸಿಗದಷ್ಟು ಸ್ಪೀಡು."

ತಡವರಿಸಿದೆ. ಡಿಸ್ಕ್ ಕೆಟ್ಟಿರಲಿಲ್ಲ, ನಾನೇ ಅಳಿಸಿದೆ, ಎರಡು ಸಲ ಕೇಳಿದರೂ ಅಳಿಸಿದೆ, ಯುಗಾದಿಯ ದಿನ ಸೌಟು ಹಿಡಿದು ಕುಣಿದದ್ದೂ ತಪ್ಪು ಎಂದೆ. ಒಂದು ವಾಕ್ಯವೂ ನೆಟ್ಟಗೆ ಬರಲಿಲ್ಲ.

"ಗೊತ್ತಿದ್ದೂ ಯಾಕೆ ಸುಮ್ಮನಿದ್ರಿ ಅತ್ತೆ?"

"ಆಫೀಸಲ್ಲೂ ಹಾಗೇ ಕಣೋ. ತಪ್ಪಿದ್ದರೂ ಟೈಪ್ ಮಾಡಿ ಮುಂದಿಡೋದು. ಸಾಹೇಬರು ತಾವೇ ಓದಿ ತಿಳ್ಕೊಂಡರೆ ಇನ್ನೊಂದು ಸಲ ಹಾಗೆ ಬರೆಸಲ್ಲ."

ಅಷ್ಟು ಹೇಳಿ ಹೊರಟೇಬಿಟ್ಟರು. ಸೊಲ್ಲಾಪುರದಿಂದ ಹಳಿ ಹಿಡಿದು, ಕಲಬುರಗಿ ದಾಟಿ, ವಾಡಿಯ ಹೊಲದಲ್ಲಿ ಇಳಿಸಿದರು. ನಾನು ಪಕ್ಕದಲ್ಲಿ ಕೂತು ಏನೂ ಸರಿಪಡಿಸದೆ ನೋಡಿದೆ. ಕೆಳಗೆ ಬರೀ ಹಸಿರು ಬಳಿದ ನೆಲ, ಡಬ್ಬಗಳಂಥ ಮನೆಗಳು. ಆದರೂ ಆ ಒಂದು ಗಂಟೆ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಇಳಿದ ಮೇಲೆ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು, "ಅಷ್ಟೆಲ್ಲ ಇಟ್ಕೊಂಡಿದೀಯ, ನೀನ್ಯಾಕೋ ಹಾರಿಸಲ್ಲ?"

ಯಾರೂ ಹಾಗೆ ಕೇಳಿರಲಿಲ್ಲ. ಎಲ್ಲರೂ ಯಾವಾಗ ಎಂದು ಕೇಳುತ್ತಿದ್ದರು. ಯಾಕೆ ಎಂದು ಕೇಳಿದವರು ಇವರೊಬ್ಬರೇ.

"ಎಂಜಿನ್ ಸ್ಟಾರ್ಟ್ ಆದ ಮೇಲೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗಲ್ಲ ಅತ್ತೆ" ಎಂದೆ. "ನಿಮಗೆ ಮೈಸೂರಿದೆ. ನಾನು ಹುಟ್ಟಿದ್ದು ಇಲ್ಲೇ. ಬೆಳೆದ ಕ್ವಾರ್ಟರ್ಸನ್ನು ಕೆಡವಿದ್ದಾರೆ. ಹದಿನಾಲ್ಕನೇ ಮಹಡಿಗೆ ಊರು ಅಂತಾರಾ? ಅದಕ್ಕೇ ಏನಾದರೂ ರಿಪೇರಿ ಮಾಡ್ತಾ ಕೂತಿರ್ತೀನಿ."

ನಗುತ್ತಲೇ ಹೇಳಲು ಹೊರಟಿದ್ದೆ. ನಗು ಕೊನೆಯವರೆಗೆ ಬರಲಿಲ್ಲ.

ಅತ್ತೆ ಎದ್ದು, ಬೆತ್ತದ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು.

"ಕೂತ್ಕೋ. ನಂದು ವಾಡಿಯಲ್ಲೇ ಇರಲಿ, ನಿಂದು ಬೇರೆ ಮಾಡ್ಕೋ. ಮೈಸೂರಿಂದ ಹೊರಡು. ಇಲ್ಲಿಗೆ ಬಾ."

"ಇಲ್ಲಿಗಾ?"

"ಇಲ್ಲಿಗೇ. ಜನಕಪುರಿಗೆ. ಎಷ್ಟು ದಿನ ಆಗುತ್ತೋ ಆಗಲಿ, ನಾನೆಲ್ಲೂ ಹೋಗಲ್ಲ." ಅಡುಗೆಮನೆಯ ಬಾಗಿಲಲ್ಲಿ ನಿಂತು ತಿರುಗಿ ನೋಡಿದರು. "ಬಂದ ದಿನಕ್ಕೆ ಏನು ಮಾಡಿಡಲಿ, ಹೇಳು."

ನಾನು ಪರದೆಯ ಕಡೆಗೇ ಮುಖ ಮಾಡಿ ಕೂತೆ. ತಿರುಗಿದ್ದರೆ ಅತ್ತೆಗೆ ನನ್ನ ಕಣ್ಣು ಕಾಣುತ್ತಿತ್ತು.