ಮೂರು ಗಂಟೆ, ಒಂದೇ ಚಿತ್ರ

ದರ್ಜಿ ಮಾಮ ಆ ದಿನ ಕನ್ನಡಕ ಮರೆತು ಮನೆ ಬಿಟ್ಟರು. ಐವತ್ತೆರಡನೆಯ ವಯಸ್ಸಿನಲ್ಲಿ ಅಂಗಡಿಯನ್ನು ಮಗಳಿಗೊಪ್ಪಿಸಿ, ವಿಶ್ವವಿದ್ಯಾಲಯದಲ್ಲಿ ಕಲಾ ಇತಿಹಾಸ ಓದಲು ಸೇರಿದ್ದ ಅವರಿಗೆ ಈ ಹೆಸರಿಟ್ಟದ್ದು ತರಗತಿಯ ಹುಡುಗಿಯರು. ಅಂದು ಅವರು ಮ್ಯೂಸಿಯಮ್ಮಿನಲ್ಲಿ ಒಂದೇ ಚಿತ್ರದ ಮುಂದೆ ಮೂರು ಗಂಟೆ ಕೂತು, ಕಂಡದ್ದನ್ನು ಬರೆದು, ಸಂಜೆ ಐದರೊಳಗೆ ಪ್ರೊಫೆಸರಮ್ಮನ ಕೈಗೆ ಕೊಡಬೇಕು. ಕೊಡದಿದ್ದರೆ ವರ್ಷವೇ ಹೋದಂತೆ.

ಒಂದನೇ ಕೋಣೆಯ ಬೆಂಚಿನ ಮೇಲೆ ಕೂತಾಗಲೇ ಎಡವಟ್ಟು ತಿಳಿದದ್ದು. ಎದುರಿನ ಚಿತ್ರ ಸೋಪಿನ ನೀರಲ್ಲಿ ನೆನೆಹಾಕಿದ ಬಟ್ಟೆಯ ಹಾಗೆ ಕಂಡಿತು. ನೀಲಿ ಲಂಗದ ಹೆಂಗಸೊಬ್ಬಳು ಇರಬಹುದು. ಪಕ್ಕದಲ್ಲಿರುವುದು ಗಂಡನೋ ಬಾಗಿಲೋ ಗೊತ್ತಾಗಲಿಲ್ಲ. ‘ಈ ಲಂಗಕ್ಕೆ ಕಡಿಮೆಯೆಂದರೂ ಒಂಬತ್ತು ಮೀಟರು ಬಟ್ಟೆ ಹೋಗಿದೆ’ ಎಂದು ಮೊದಲ ಸಾಲು ಬರೆದರು. ಮುಂದೆ ಹೊಳೆಯಲಿಲ್ಲ. ಎದ್ದು ಹೋಗಿ ಚಿತ್ರಕ್ಕೆ ಮೂಗು ಚಾಚಿದರು. ಗೋಡೆಯ ಎಚ್ಚರಿಕೆ ಗಂಟೆ ಕಿರ್ರೆಂದು ಅರಚಿತು.

ಕಾವಲುಗಾರ ಓಡಿ ಬಂದ. ಹಿಂದೆಯೇ ಟಿಕೆಟ್ ಕೊಡುವಾಕೆ, ಅವಳ ಹಿಂದೆ ಪೊರಕೆ ಹಿಡಿದ ಕಸ ಗುಡಿಸುವಮ್ಮ.

“ಮುಟ್ಟಿದ್ರಾ?”

“ಇಲ್ಲಪ್ಪ, ನೋಡ್ತಿದ್ದೆ. ಕನ್ನಡಕ ಮರ್ತು ಬಂದಿದೀನಿ.”

“ನೋಡೋಕೆ ಬರೋರು ಕಣ್ಣೇ ಮನೇಲಿ ಬಿಟ್ಟು ಬಂದ್ರಾ?” ಎಂದಳು ಟಿಕೆಟ್ಟಿನಾಕೆ.

ಐದರೊಳಗೆ ಬರೆದು ಕೊಡಬೇಕೆಂಬ ವಿಷಯ ಮಾಮನಿಂದ ಕೇಳಿದ್ದೇ ಕಾವಲುಗಾರನ ಮುಖ ಅರಳಿತು. “ಇದಕ್ಯಾಕೆ ಇಷ್ಟು ಪೇಚಾಟ? ಇಪ್ಪತ್ತಾರು ವರ್ಷದಿಂದ ಇದರ ಎದುರಿಗೇ ಕೂತಿದೀನಿ. ನನ್ನ ಹೆಂಡ್ತಿ ಮುಖಾನೂ ಇಷ್ಟು ನೋಡಿಲ್ಲ. ಬರ್ಕೊಳ್ಳಿ. ಆಕೆ ಕೈಲಿರೋದು ತಂಗಿ ಬರೆದ ಕಾಗದ. ಗಂಡ ಕಿಟಕಿ ಕಡೆ ಮುಖ ತಿರುಗಿಸಿದಾನೆ. ಯಾಕೆ? ಕದ್ದು ಓದಿದೋನು ಅವನೇ.”

“ತಂಗಿದಲ್ಲ, ಅತ್ತೇದು,” ಎಂದಳು ಟಿಕೆಟ್ಟಿನಾಕೆ. “ತಂಗಿ ಕಾಗದಕ್ಕೆ ಯಾರಾದ್ರೂ ಹಾಗೆ ತುಟಿ ಕಚ್ತಾರಾ?”

“ಕಾಗದಾನೇ ಅಲ್ಲ, ಕರ್ಚೀಫು,” ಎಂದಳು ಕಸ ಗುಡಿಸುವಮ್ಮ. “ದಿನಾ ಧೂಳು ಹೊಡೆಯೋಳು ನಾನು, ನನಗೆ ಗೊತ್ತಿಲ್ವಾ?”

ಚಿತ್ರ ನೋಡಲು ಬಂದವರೂ ಒಂದೊಂದು ಪಕ್ಷ ಹಿಡಿದರು. ಒಂದು ಗಂಟೆಯ ವಾಗ್ವಾದದ ನಂತರ ಗಂಟಲು ದೊಡ್ಡದಿದ್ದ ಕಾವಲುಗಾರನೇ ಗೆದ್ದ. ಅವನು ಹೇಳುತ್ತ ಹೋದ. ಮಾಮನ ಪೆನ್ನು ಹೊಲಿಗೆ ಯಂತ್ರದಂತೆ ಓಡಿತು. ಹನ್ನೆರಡು ಪುಟ. “ಆ ಬಟ್ಟೆ ಸಾಲು ಹೊಡೆದುಹಾಕಿ, ಕತೆಗೆ ಅಡ್ಡ ಬರುತ್ತೆ,” ಎಂದ. ಮಾಮ ಹೊಡೆದುಹಾಕಿದರು.

ಐದಕ್ಕೆ ಐದು ನಿಮಿಷವಿರುವಾಗ ಪ್ರೊಫೆಸರಮ್ಮ ಹಾಳೆಗಳನ್ನು ಕೈಗೆತ್ತಿಕೊಂಡರು. ಎರಡು ಪುಟ ಓದಿದವರೇ, ಉಳಿದದ್ದನ್ನು ಕಣ್ಣು ಮುಚ್ಚಿಕೊಂಡು ಮಗ್ಗಿಯ ಹಾಗೆ ಒಪ್ಪಿಸಿಬಿಟ್ಟರು. ಒಂದಕ್ಷರ ತಪ್ಪಿರಲಿಲ್ಲ.

“ಹನ್ನೊಂದು ವರ್ಷದಿಂದ ಇದನ್ನೇ ಓದ್ತಿದೀನಿ, ಯಜಮಾನ್ರೇ,” ಎಂದರು. “ನಾನು ಓದುವಾಗ್ಲೂ ಆ ಕಾವಲುಗಾರ ಹೇಳಿದ ಇದನ್ನೇ ಬರೆದು ಪಾಸಾದೆ.”

ಮಾಮನಿಗೆ ಹೋದ ಜೀವ ಬಂತು. “ಹಾಗಾದ್ರೆ ನಾನೂ...”

“ನಮ್ಮ ಮೇಷ್ಟ್ರು ಮ್ಯೂಸಿಯಂ ಕಡೆ ತಲೇನೇ ಹಾಕಿರ್ಲಿಲ್ಲ, ಹಾಗಾಗಿ ನಡೀತು.” ಆಕೆ, ಮಾಮ ಹೊಡೆದುಹಾಕಿದ್ದ ಬಟ್ಟೆಯ ಸಾಲಿನ ಮೇಲೆ ಬೆರಳಿಟ್ಟರು. “ಇಷ್ಟು ಪುಟದಲ್ಲಿ ನಿಮ್ಮದು ಅಂತ ಇರೋದು ಇದೊಂದೇ. ಅದಕ್ಕೇ ಇನ್ನೊಂದು ದಿನ ಕೊಡ್ತೀನಿ. ನಾಳೆ ಎರಡನೇ ಕೋಣೆಗೆ ಹೋಗಿ.”

“ಅಲ್ಲಿ ಕಾವಲಿಗೆ ಯಾರಿದಾರೆ, ಮೇಡಂ?”

ಪ್ರೊಫೆಸರಮ್ಮ ನಿಟ್ಟುಸಿರು ಬಿಟ್ಟರು. “ಈ ಕಾವಲುಗಾರನ ಅಣ್ಣ. ಇವನಿಗೆ ಮಾತು ಕಲಿಸಿದೋನೇ ಅವನು.”