ಸ್ಕಾಲರ್‌ಶಿಪ್ಪಿಗೆ ಮೂರು ಶಿಫಾರಸುಗಳು

ಕೋಲಾರದ ಕಾಲೇಜಿನಲ್ಲಿ ಕೂತು ಬೇರೆಯವರನ್ನು ಪರದೇಶಕ್ಕೆ ಕಳಿಸುವ ಕೆಲಸ ನನ್ನದು. ತಿಂಗಳಿಗೊಂದಾದರೂ ನಗು ಬರುವಂಥದ್ದು ನಡೆದೇ ನಡೆಯುತ್ತದೆ. ನಾನು ನಗುವುದು ಮಾತ್ರ ಸ್ವಲ್ಪ ತಡ, ಮೊದಲು ಹೊಟ್ಟೆ ಉರಿದು ಮುಗಿಯಬೇಕು.

ಇದಕ್ಕೆ ಮುಂಚೆ ಪ್ರವಾಸದ ಕಂಪನಿಯಲ್ಲಿದ್ದೆ. ಹಳದಿ ಬಾವುಟ ಹಿಡಿದು, ಹಿಂದೆ ಒಂದು ಬಸ್ಸಿನಷ್ಟು ಜನರನ್ನು ಎಳೆದುಕೊಂಡು ಅರ್ಧ ಪ್ರಪಂಚ ಸುತ್ತಿದೆ. ಹೆಸರಾಂತ ವಿಶ್ವವಿದ್ಯಾಲಯಗಳನ್ನೆಲ್ಲ ನೋಡಿದ್ದೇನೆ, ಗೇಟಿನವರೆಗೆ. "ಹತ್ತೇ ನಿಮಿಷ, ಫೋಟೋ ತಗೊಂಡು ಬಂದ್ಬಿಡಿ" ಅಂತ ಕೂಗಿದ್ದೇ ನನ್ನ ಉನ್ನತ ಶಿಕ್ಷಣ. ಒಂದು ಸಲ ಒಳಗೆ ಹೋಗಿ ಬೆಂಚಿನ ಮೇಲೆ ಕೂರಬೇಕು ಅನ್ನುವುದು ಹಳೇ ಆಸೆ. ಈ ವರ್ಷ ವಿನಿಮಯ ಯೋಜನೆಯಲ್ಲಿ ಸಿಬ್ಬಂದಿಗೂ ಒಂದು ಸೀಟು ಬಂತು, ಮೂರು ತಿಂಗಳಿಗೆ. ಅದರ ಮೇಲೆ ಕಣ್ಣಿಟ್ಟೆ.

ಮೇಷ್ಟ್ರ ಪತ್ರ

ಮಾಸ್ತಿಯ ಹುಡುಗನೊಬ್ಬ ಜರ್ಮನಿಗೆ ಅರ್ಜಿ ಹಾಕಿದ. ಶಿಫಾರಸು ಪತ್ರ ನಾನೇ ಬರೆದುಕೊಡುತ್ತೇನೆ ಅಂದರೂ ಕೇಳದೆ ಊರಿನ ಹೆಡ್‌ಮೇಷ್ಟ್ರ ಹತ್ತಿರ ಬರೆಸಿಕೊಂಡು ಬಂದ. 'ಈತ ಗಣಿತದಲ್ಲಿ ಸಾಧಾರಣ. ದಿನಾ ಡೈರಿಗೆ ಹಾಲು ಹಾಕಿಯೇ ಶಾಲೆಗೆ ಬರುತ್ತಿದ್ದ. ನೀರು ಬೆರೆಸಿದ ದೂರು ಇಲ್ಲ.' ಅಷ್ಟೇ ಪತ್ರ.

ಇದಕ್ಕೆ ಮಾಲೂರಿನ ಬಸ್ ಟಿಕೆಟ್ಟೂ ಸಿಗಲ್ಲ ಕಣೋ ಅಂದೆ. ಸ್ಕಾಲರ್‌ಶಿಪ್ ಸಿಕ್ಕಿತು. ಬಂದ ಪತ್ರಗಳಲ್ಲೆಲ್ಲ ನಂಬಿಕೆ ಹುಟ್ಟಿಸಿದ್ದು ಇದೊಂದೇ ಅಂತ ಅಲ್ಲಿಯ ಪ್ರೊಫೆಸರು ಬರೆದರು.

ಜರ್ಮನಿಗೆ ಹೋದ ವಾರದಲ್ಲೇ ಹುಡುಗ ಫೋಟೋ ಕಳಿಸಿದ. "ಮೇಡಂ, ನೀವು ಹೇಳ್ತಿದ್ದ ಗೇಟು ಇದೇ ಅಲ್ವಾ? ಒಳಗಡೆ ಇನ್ನೂ ಚೆನ್ನಾಗಿದೆ."

ಅಜ್ಜಿಯ ಸಂದರ್ಶನ

ತಾಯಲೂರಿನ ಹುಡುಗಿಗೆ ಮನೆಯಿಂದಲೇ ವಿಡಿಯೋ ಸಂದರ್ಶನ. ವಾರವಿಡೀ ಉತ್ತರ ಉರುಹೊಡೆಸಿ, ಅವತ್ತು ಕ್ಯಾಮೆರಾಗೆ ಕಾಣದ ಹಾಗೆ ಪಕ್ಕದಲ್ಲೇ ಕೂತಿದ್ದೆ. ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿ ಲ್ಯಾಪ್‌ಟಾಪಿನಲ್ಲಿ ಸಂದರ್ಶಕನ ಬಿಳೀ ಮುಖ ಕಂಡು ಮೊರದ ಸಮೇತ ಬಂದು ಕೂತಳು.

"ತಿನ್ನಾವಾ ನಾಯನಾ?" ಅಂತ ತೆಲುಗಿನಲ್ಲೇ ಕೇಳಿದಳು.

ಊಟ ಆಯಿತಾ ಅಂತ ಕೇಳ್ತಿದಾರೆ ಅಂತ ಹುಡುಗಿ ಇಂಗ್ಲಿಷಿನಲ್ಲಿ ಹೇಳಿದಳು. ಅಲ್ಲಿನ್ನೂ ಬೆಳಿಗ್ಗೆ, ಇನ್ನೂ ಏನೂ ತಿಂದಿಲ್ಲ ಅಂದ ಆತ. ಅಜ್ಜಿಗೆ ಅಷ್ಟು ಸಾಕಾಯಿತು. ನಿನಗೇ ಊಟ ಹಾಕದವರು ನಮ್ಮ ಮಗುವಿಗೆ ಏನು ಹಾಕುತ್ತಾರೆ? ಹಾಸ್ಟೆಲಿಗೆ ಬೀಗ ಹಾಕೋರು ಯಾರು? ಜ್ವರ ಬಂದರೆ ಯಾರು ನೋಡುತ್ತಾರೆ? ಆತ ಒಂದೊಂದಕ್ಕೂ ತಲೆಬಾಗಿ ಉತ್ತರ ಕೊಟ್ಟ. ಅರ್ಧ ಗಂಟೆ ಮುಗಿಯಿತು. ಹುಡುಗಿ ಮಾಡಿದ್ದು ತರ್ಜುಮೆಯೊಂದೇ.

ಎರಡು ಸಂಸ್ಕೃತಿಗಳ ನಡುವೆ ಸೇತುವೆಯಾಗಬಲ್ಲ ಅಪರೂಪದ ವಿದ್ಯಾರ್ಥಿನಿ ಅಂತ ಅವಳಿಗೂ ಸ್ಕಾಲರ್‌ಶಿಪ್ ಸಿಕ್ಕಿತು. ಅಜ್ಜಿ ನನಗೆ ಸಮಾಧಾನ ಹೇಳಿದಳು: "ಪಾಪ, ನೀನು ಹೇಳಿಕೊಟ್ಟಿದ್ದು ಒಂದೂ ಕೇಳಲೇ ಇಲ್ಲವಲ್ಲಮ್ಮಾ."

ನನ್ನ ಸರದಿ

ನಾನೂ ಬುದ್ಧಿ ಕಲಿತೆ. ನೇರವಾಗಿ ಮಾಸ್ತಿಗೆ ಹೋಗಿ ಅದೇ ಹೆಡ್‌ಮೇಷ್ಟ್ರ ಮುಂದೆ ನಿಂತೆ. ಗೌಪ್ಯ ಪತ್ರ, ನನಗೆ ತೋರಿಸಬೇಡಿ, ಆದರೆ ಗಟ್ಟಿಯಾಗಿ ಬರೆಯಿರಿ ಅಂತ ಬೇಡಿಕೊಂಡೆ.

"ಬಿಡಮ್ಮ, ನಮ್ಮ ಕಡೆ ತುಂಬಾ ಒಳ್ಳೇ ಮೇಷ್ಟ್ರಿಗೆ ಮಾತ್ರ ಬರೆಯೋ ಥರದ್ದು ಬರೀತೀನಿ," ಅಂದರು. ನಾನು ಮನೆಗೆ ಬಂದು ಸೂಟ್‌ಕೇಸು ಒರೆಸಿಟ್ಟೆ.

ತುಂಬಾ ಒಳ್ಳೇ ಮೇಷ್ಟ್ರಿಗೆ ನಮ್ಮ ಹಳ್ಳಿಗಳಲ್ಲಿ ಏನು ಬರೆಯುತ್ತಾರೆ ಅಂತ ನಾನು ಯೋಚಿಸಬೇಕಿತ್ತು. ವರ್ಗಾವಣೆ ಆದಾಗ ಊರೆಲ್ಲ ಸೇರಿ ಮನವಿ ಬರೆಯುತ್ತಾರೆ. ಮೇಷ್ಟ್ರು ಕಳಿಸಿದ್ದೂ ಅದನ್ನೇ. ಸಮಿತಿಯ ಉತ್ತರದ ಜೊತೆ ಅದರ ಪ್ರತಿಯೂ ಬಂತು: 'ಇಂಥ ಮೇಡಂ ಮತ್ತೆ ಸಿಗುವುದಿಲ್ಲ. ದಯವಿಟ್ಟು ಇವರನ್ನು ಇಲ್ಲಿಂದ ಎಲ್ಲಿಗೂ ಕಳುಹಿಸಬೇಡಿ.' ಕೆಳಗೆ ಎರಡು ಪುಟ ಸಹಿ. ಮೊದಲನೆಯದು ತಾಯಲೂರಿನ ಅಜ್ಜಿಯ ಹೆಬ್ಬೆಟ್ಟು. ಹಾಲಿನ ಹುಡುಗ ಜರ್ಮನಿಯಿಂದ ಸ್ಕ್ಯಾನ್ ಮಾಡಿ ಸಹಿ ಕಳಿಸಿದ್ದ.

ಸಮುದಾಯದ ಇಚ್ಛೆಯನ್ನು ನಾವು ಗೌರವಿಸುತ್ತೇವೆ, ಅಂತ ಸಮಿತಿ ಬರೆದಿತ್ತು. ನಿಮ್ಮನ್ನು ಕರೆಸುವ ಬದಲು ನಮ್ಮ ಉಪನ್ಯಾಸಕಿಯೊಬ್ಬರಿಗೇ ಆ ಸ್ಕಾಲರ್‌ಶಿಪ್ ಕೊಟ್ಟಿದ್ದೇವೆ. ಮೂರು ತಿಂಗಳು ಕೋಲಾರದಲ್ಲಿದ್ದು ನಿಮ್ಮಿಂದ ಕಲಿಯುತ್ತಾರೆ.

ಮೇಷ್ಟ್ರಿಗೆ ಫೋನ್ ಮಾಡಿದೆ. ನಾನು ಬಾಯಿ ಬಿಡುವ ಮೊದಲೇ ಅವರು, "ನೋಡಿದ್ಯೇನಮ್ಮಾ, ಟ್ರಾನ್ಸ್‌ಫರ್ ನಿಲ್ಲಿಸಿಬಿಟ್ವಿ," ಅಂದರು.

ಉಪನ್ಯಾಸಕಿ ಬಂದಿಳಿದ ದಿನ ಸ್ವಾಗತಕ್ಕೆ ಹಳೇ ಹಳದಿ ಬಾವುಟವನ್ನೇ ಹಿಡಿದು ಹೋಗಿದ್ದೆ. ಕಾಲೇಜಿನ ಗೇಟು ಬಂದದ್ದೇ ತಡ, ನನ್ನ ಕೈಗೆ ಫೋನ್ ಕೊಟ್ಟು, ಒಂದು ಫೋಟೋ ತೆಗೆಯುತ್ತೀರಾ ಅಂದಳು.

"ಹತ್ತೇ ನಿಮಿಷ," ಅಂದೆ. ಆಕೆ ಮೂರು ತಿಂಗಳಿಗೆ ಒಳಗೆ ಹೋದಳು.